ಹೋಳಿಗೆ, ಒಬ್ಬಟ್ಟು ಮತ್ತು ಓಡಿ ಸುಸ್ತಾದ ಬ್ರೌಸರ್

ತಿಮ್ಮಾಜಮ್ಮನ ಸಿಹಿ ಅಂಗಡಿಯ ವೆಬ್‌ಸೈಟಿಗೆ ಎರಡು ಡೊಮೇನ್ ಹೆಸರು: ಹಳೆಯದು ಹೋಳಿಗೆ, ಹೊಸದು ಒಬ್ಬಟ್ಟು. ಬಂದವರು ಎಲ್ಲಿಗೆ ಹೋಗಬೇಕೆಂದು ತಂತಮ್ಮ ಡಿಎನ್‌ಎಸ್ ದಾಖಲೆಯಲ್ಲಿ ಬರೆದಿಡುವುದೇ ಅವುಗಳ ಕೆಲಸ. ಇನ್ನು ಕಿರಿಯರ ಕಾಲವೆಂದು ಹೋಳಿಗೆ ದೊಡ್ಡ ಮನಸ್ಸು ಮಾಡಿ, ‘ಒಬ್ಬಟ್ಟನ್ನು ಕೇಳಿ’ ಎಂದು ಬರೆಯಿತು. ಹಿರಿಯರಿರುವಾಗ ತಾನು ಮುಂದೆ ನಿಲ್ಲುವುದೇ ಎಂದು ಒಬ್ಬಟ್ಟು, ‘ಹೋಳಿಗೆಯವರನ್ನು ಕೇಳಿ’ ಎಂದು ಬರೆಯಿತು.

ಸಂಜೆಯ ನಾಮಕರಣಕ್ಕೆ ಸಿಹಿ ಬೇಕೆಂದು ಬ್ರೌಸರ್ ಓಡಿಬಂತು. ಹೋಳಿಗೆ ಕೈಮುಗಿದು ಒಬ್ಬಟ್ಟಿನ ಕಡೆ ತೋರಿಸಿತು. ಒಬ್ಬಟ್ಟು ಇನ್ನಷ್ಟು ಬಾಗಿ ಹೋಳಿಗೆಯ ಕಡೆ ತೋರಿಸಿತು. ಎಂಟು ಸುತ್ತು ಓಡಿದ ಬ್ರೌಸರ್ ಏದುಸಿರು ಬಿಡುತ್ತ ಕುಸಿದು ಕೂತಿತು.

ಹೋಳಿಗೆಗೆ ಮಾತ್ರ ಹೇಳಲಾಗದ ಸಂತೋಷ. “ಎಂಥ ವಿನಯವಪ್ಪಾ ನಿನ್ನದು!” ಎಂದಿತು.

“ಎಲ್ಲ ನಿಮ್ಮಿಂದ ಕಲಿತದ್ದು, ಅಣ್ಣಾ” ಎಂದಿತು ಒಬ್ಬಟ್ಟು.

“ನಿಮ್ಮಿಬ್ಬರ ಮರ್ಯಾದೆಗೂ ದೊಡ್ಡ ನಮಸ್ಕಾರ, ಸ್ವಾಮಿ” ಎಂದಿತು ಬ್ರೌಸರ್. “ಅಂಗಡಿ ಎಲ್ಲಿದೆ ಅಂತ ಒಬ್ಬರಾದರೂ ಬರೆದಿದ್ದೀರಾ?”

ಎರಡೂ ತಮ್ಮ ದಾಖಲೆ ತೆಗೆದು ನೋಡಿಕೊಂಡವು. ಒಬ್ಬಟ್ಟು ನಾಚಿಕೊಂಡು ಹೋಳಿಗೆಯ ಹೆಸರನ್ನು ಅಳಿಸಿ, ಅಲ್ಲಿ ಅಂಗಡಿಯ ಸರ್ವರ್ ವಿಳಾಸ ಬರೆಯಿತು.

“ಈಗ ಒಬ್ಬಟ್ಟನ್ನು ಕೇಳಪ್ಪ” ಎಂದು ಹೋಳಿಗೆ ಮತ್ತೆ ಕೈಮುಗಿಯಿತು. ಅದು ತಲೆ ಎತ್ತುವಷ್ಟರಲ್ಲಿ ಬ್ರೌಸರ್ ತಿಮ್ಮಾಜಮ್ಮನ ಬಾಗಿಲು ತಟ್ಟುತ್ತಿತ್ತು.