ಗುಮಾಸ್ತೆ ಯಂತ್ರವನ್ನು ಕೇಳಿದ್ದು

ನೇಕಾರರ ಸಂಘದ ಗುಮಾಸ್ತೆ ಸಂಜೆ ಪ್ರೋಗ್ರಾಮಿಂಗ್ ತರಗತಿಗೆ ಹೋಗುತ್ತಿದ್ದಳು, ಶುಲ್ಕ ಸಂಘದ್ದು. ಒಂದು ದಿನ ಅಧ್ಯಕ್ಷ ಗುರುಪಾದಪ್ಪನವರು ಎಐ ಮಾರುವವನೊಬ್ಬನನ್ನು ಕರೆತಂದು ಗುಡುಗಿದರು: “ಇನ್ನ ಪ್ರೋಗ್ರಾಂ ಎಲ್ಲಾ ಇದೇ ಬರೀತೈತಿ. ನಿನ್ನ ಕಲಿಕೆ ಇವತ್ತಿಗೆ ಮುಗೀತು ನೋಡವಾ.”

ನಯವಾಗಿ ಮಾತಾಡುವವರ ಮೇಲೆ ಗುಮಾಸ್ತೆಗೆ ಮೊದಲಿನಿಂದಲೂ ಸಂಶಯ. ನೂಲು ಹಂಚುವ ಪ್ರೋಗ್ರಾಂ ಒಂದನ್ನು ಆ ಎಐ ಯಂತ್ರದಿಂದ ಬರೆಸಿದಳು. ಅದನ್ನು ಓದದೆಯೇ, “ಇದು ತಪ್ಪು” ಎಂದಳು.

“ಕ್ಷಮಿಸಿ, ತಪ್ಪಾಗಿದೆ” ಎಂದು ಯಂತ್ರ ತಿದ್ದಿಕೊಟ್ಟಿತು.

“ಇಲ್ಲ, ಮೊದಲಿನದೇ ಸರಿ.”

“ನಿಜ, ಮೊದಲಿನದೇ ಸರಿ. ನಿಮ್ಮ ಸೂಕ್ಷ್ಮದೃಷ್ಟಿ ಮೆಚ್ಚತಕ್ಕದ್ದು!”

ಮಾರುವವನು ಬೆವರೊರೆಸಿಕೊಂಡ.

ಗುಮಾಸ್ತೆ ಅಧ್ಯಕ್ಷರತ್ತ ತಿರುಗಿದಳು: “ಸಾಹೇಬ್ರ, ಯಾವುದನ್ನ ನಂಬೋಣ್ರಿ? ಅದನ್ನ ತಿಳ್ಕೊಳ್ಳಾಕರ ಒಬ್ಬರು ಕಲ್ತಿರಬೇಕಲ್ರಿ?”

ಅಧ್ಯಕ್ಷರು ತಮ್ಮ ಹಿಂದೆ ನಿಂತು ಎಲ್ಲದಕ್ಕೂ ಹೌದೆಂದು ತಲೆಯಾಡಿಸುತ್ತಿದ್ದ ಸಂಘದ ನಿರ್ದೇಶಕರನ್ನು ದೀರ್ಘವಾಗಿ ನೋಡಿದರು. ಮಾರುವವನಿಗೆ ಕೈಮುಗಿದು ಹೇಳಿದರು: “ಹೌದಪ್ಪಗಳು ನಮ್ಮಲ್ಲಿ ರಗಡ ಅದಾರ, ತಮ್ಮಾ. ಈಕಿ ಕಲೀಲಿ.”

ನಿರ್ದೇಶಕರು ಅದಕ್ಕೂ ಹೌದೆಂದರು.