ಕೇಳಿ ಪಡೆದ ಬಾಸುಂಡೆ

“ಗುರುಗಳೇ, ನೋವನ್ನು ಬೇಕೆಂದು ಕೇಳಿ ಪಡೆಯುವವರು ಇರುತ್ತಾರೆಯೇ? ಇದ್ದರೆ, ಅದರಲ್ಲಿ ಅವರಿಗೆ ಸಿಗುವ ಸುಖವಾದರೂ ಏನು?”

ಕೇಳಿದವನು ಚನ್ನವೀರ. ಮನೆ, ಹೆಂಡತಿ ಇರುವ ಗೃಹಸ್ಥ. ಹುಣ್ಣಿಮೆಗೊಮ್ಮೆ ಗುರುಗಳ ಬಳಿ ಬಂದು ಒಂದು ಹಗಲು ಕುಳಿತು ಹೋಗುವುದು ಅವನ ರೂಢಿ.

ಇದು ಯಾರ ಸುದ್ದಿ ಎಂದು ಗುರುಗಳು ವಿಚಾರಿಸಿದರು. ಚನ್ನವೀರ ತಡವರಿಸುತ್ತ ಹೇಳಿದ. ಅವನಿಗೊಬ್ಬ ಗೆಳೆಯನಿದ್ದಾನೆ. ಆ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಬಾಗಿಲು ಹಾಕಿಕೊಂಡು, ಅವಳು ಅವನ ಕೈ ಕಟ್ಟುತ್ತಾಳೆ, ಹೊಡೆಯುತ್ತಾಳೆ. ಹೊಡೆ ಎಂದು ಕೇಳುವವನು ಅವನೇ. ಮರುದಿನ ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಓಡಾಡುತ್ತಾರೆ. ಕೇಳಿ ತನಗೆ ಅಸಹ್ಯವಾಯಿತು ಎಂದ. ಮತ್ತೆ, ಬಹಳ ಅಸಹ್ಯವಾಯಿತು ಎಂದ.

“ಅಸಹ್ಯಪಟ್ಟವನು ಒಂದು ಸಲ ಥೂ ಅಂದು ಮರೆತುಬಿಡುತ್ತಾನೆ,” ಎಂದರು ಗುರುಗಳು. “ನಿನಗೆ ಆಗಿರುವುದು ಹೊಟ್ಟೆಕಿಚ್ಚು. ನಾಚಬೇಡ, ಅದಕ್ಕೂ ಒಂದು ಕತೆಯಿದೆ. ಊರು, ಹೆಸರು ಮಾತ್ರ ಕೇಳಬೇಡ. ಹೇಳಿದರೆ ನೀನು ಹೋಗಿ ವಿಚಾರಿಸಿಕೊಂಡು ಬರುವ ಪೈಕಿ.”

ಹೀಗೆಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಬೆಲ್ಲದ ವ್ಯಾಪಾರ. ಅಂಗಡಿಯಲ್ಲಿ ಅವನು ಹೇಳಿದ್ದೇ ಮಾತು, ಮನೆಯಲ್ಲಿ ಅವನು ಹೇಳಿದ್ದೇ ಮಾತು. ಆಳು ಯಾವ ಮೂಟೆ ಎತ್ತಬೇಕು, ಗಾಡಿ ಯಾವ ಸಂತೆಗೆ ಹೋಗಬೇಕು, ಸಾರಿಗೆ ಹುಳಿ ಎಷ್ಟು ಬೀಳಬೇಕು, ಎಲ್ಲಕ್ಕೂ ಅವನನ್ನೇ ಕೇಳಬೇಕು. ಬೆಳಗಾದರೆ ಅವನ ತಲೆ ಗುಂಯ್ ಎನ್ನುತ್ತಿತ್ತು. ಹೆಂಡತಿ ಒಳ್ಳೆಯವಳು. ಇಪ್ಪತ್ತೆರಡು ವರ್ಷದಿಂದ ‘ಇನ್ನಷ್ಟು ಬಡಿಸಲೇ’ ಎಂದು ಅವಳು ಕೇಳುತ್ತಿದ್ದಳು, ‘ಹೂಂ’ ಎಂದು ಅವನು ಹೇಳುತ್ತಿದ್ದ. ಅವರ ಸಂಸಾರದ ಮಾತುಕತೆ ಬಹುಪಾಲು ಅಷ್ಟೇ.

ಹಿತ್ತಲಲ್ಲಿ ಒಂದು ಬಾವಿ ಬೇಕೆಂದು ಅವನು ಬಾವಿ ತೋಡುವವನೊಬ್ಬನನ್ನು ಕರೆಸಿದ. ಅವನ ಜೊತೆ ಅವನ ಹೆಂಡತಿಯೂ ಬಂದಳು. ಕೆಲಸ ಮುಗಿಯುವವರೆಗೆ ಇರಲೆಂದು ಹಿತ್ತಲ ಮೂಲೆಯಲ್ಲೇ ಗುಡಿಸಲು ಹಾಕಿಕೊಂಡರು. ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗಿಳಿದು ಅಗೆಯುವುದು, ಹೆಂಡತಿ ಮೇಲೆ ನಿಂತು ಹಗ್ಗ ಹಿಡಿಯುವುದು. ವರ್ತಕ ದಿನಕ್ಕೆರಡು ಸಲ ಬಂದು ನೋಡುತ್ತಿದ್ದ. ಅವನ ಕಣ್ಣಿಗೆ ಹಗ್ಗ ಕಂಡಿತು, ಅವಳ ಗಟ್ಟಿ ತೋಳು ಕಂಡಿತು. ಮಿಕ್ಕಿದ್ದು ಕಾಣಲಿಲ್ಲ.

ನಾಲ್ಕನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ, ನೀರು ಇನ್ನೆಷ್ಟು ಆಳಕ್ಕೆ ಸಿಕ್ಕೀತು ಎಂದು ಕೇಳಲು ಅವನು ಗುಡಿಸಲಿನತ್ತ ಹೋದ. ಬಾಗಿಲಿಗೆ ಚಾಪೆ ಇಳಿಬಿಟ್ಟಿದ್ದರು. ಹೊರಗೆ ನಿಂತು ಕೂಗುವುದು ಮರ್ಯಾದೆ. ಹಿತ್ತಲು ನನ್ನದು, ನಾನೇಕೆ ಕೂಗಲಿ ಎಂದು ಅವನು ಚಾಪೆಯ ಸಂದಿಯಲ್ಲಿ ಇಣುಕಿದ.

ಬಾವಿ ತೋಡುವವನು ಮಂಡಿಯೂರಿದ್ದ. ಎರಡೂ ಕೈಗಳನ್ನು ಗುಡಿಸಲ ಕಂಬಕ್ಕೆ ಕಟ್ಟಿತ್ತು. ಅವನ ಹೆಂಡತಿಯ ಕೈಯಲ್ಲಿ ಹುಣಿಸೆ ಬರಲು, ಸಣ್ಣ ಕೊಂಬೆಯ ಕೋಲು. ಬೆನ್ನ ಮೇಲೆ ಆಗಲೇ ಎರಡು ಬಾಸುಂಡೆ ಎದ್ದಿದ್ದವು. ಅಯ್ಯಯ್ಯೋ, ಕೊಂದೇಬಿಡುತ್ತಾಳೆ ಎಂದು ವರ್ತಕ ಒಳಗೆ ನುಗ್ಗುವವನಿದ್ದ. ಅಷ್ಟರಲ್ಲಿ ಕಟ್ಟಿಸಿಕೊಂಡವನು ‘ಇನ್ನೊಂದು’ ಎಂದ. ಹೆದರಿ ಹೇಳಿದ್ದಲ್ಲ. ಹಸಿದವನು ಇನ್ನೊಂದು ರೊಟ್ಟಿ ಕೇಳಿದ ಹಾಗೆ ಕೇಳಿದ. ಅವಳು ಹೊಡೆದಳು. ಅವನು ಹಲ್ಲು ಕಚ್ಚಿ ಉಸ್ ಎಂದ. ಸ್ವಲ್ಪ ಹೊತ್ತಿಗೆ ಅವನು ಸಾಕು ಎಂದಿರಬೇಕು, ವರ್ತಕನಿಗೆ ಕೇಳಿಸಲಿಲ್ಲ. ಅವಳು ಬರಲನ್ನು ಆಚೆಗಿಟ್ಟು, ಗಂಟು ಬಿಚ್ಚಿ, ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿದಳು. ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ. ದೂರದಿಂದ ಹೊತ್ತು ತಂದ ಹೊರೆಯನ್ನು ಇಳಿಸಿ ಕಟ್ಟೆಯ ಮೇಲೆ ಕುಳಿತವನ ಮುಖ ಹೇಗಿರುತ್ತದೆ, ಹಾಗಿತ್ತು ಅವನ ಮುಖ.

ವರ್ತಕ ನೋಡಿದ್ದೇ ನೋಡಿದ್ದು. ಅಂಥ ಮುಖ ತನಗೆ ಒಂದು ದಿನವಾದರೂ ಇತ್ತೇ? ಅವನ ಹೊಟ್ಟೆಗೆ ಬೆಂಕಿ ಬಿತ್ತು.

ಆ ಬೆಂಕಿ ಆರಲಿಲ್ಲ. ಮರುದಿನ ಬೆಳಗ್ಗೆ ಎದ್ದವನೇ ಬಾವಿಯ ಬಾಯಿ ಸೊಟ್ಟಗಿದೆ ಎಂದು ಕೂಗಾಡಿದ. ಸೊಟ್ಟಗಿರಲಿಲ್ಲ. ಅಂಗಡಿಯಲ್ಲಿ ಕುಳಿತರೆ ಬೆಲ್ಲದ ಅಚ್ಚು ಕಾಣದೆ ಆ ಮುಖ ಕಾಣುತ್ತಿತ್ತು. ನನಗೆ ಹೆಂಚಿನ ಮನೆಯಿದೆ, ಮಂಚವಿದೆ, ನಿದ್ದೆಯಿಲ್ಲ. ಆ ಹರಕು ಪಂಚೆಯವನು ನೆಲದ ಮೇಲೆ ಗೊರಕೆ ಹೊಡೆಯುತ್ತಾನೆ. ನನ್ನ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತು? ಹೀಗೆ ಯೋಚಿಸಿ ಯೋಚಿಸಿ ಅವನಿಗೆ ಊಟ ಸೇರದಾಯಿತು. ಒಂದು ದಿನ ತನ್ನ ಹೆಂಡತಿ ಬಾವಿಯ ಹತ್ತಿರ ಆ ಹೆಂಗಸಿನ ಜೊತೆ ಮಾತಾಡುತ್ತ ನಗುವುದನ್ನು ಕಂಡ. ತನ್ನ ಹೆಂಡತಿ ನಗುತ್ತಾಳೆಂಬುದೇ ಅವನಿಗೆ ಮರೆತುಹೋಗಿತ್ತು. ಅದಕ್ಕೂ ಸಂಕಟಪಟ್ಟ. ಬಾವಿ ತೋಡುವವನು ಮೈ ತೊಳೆಯಲು ಅಂಗಿ ಬಿಚ್ಚಿದರೆ ಸಾಕು, ಇವನು ಕಿಟಕಿಯಿಂದ ಕದ್ದು ನೋಡುವನು. ಗುರುತು ಮಾಸಿದ್ದರೆ ಸಮಾಧಾನ, ಹೊಸದು ಕಂಡರೆ ಆ ದಿನವೆಲ್ಲ ಉರಿ. ಇನ್ನೊಬ್ಬನ ಮನೆ ನೋಡಿ ಕರುಬುವವರುಂಟು, ಹೊಲ ನೋಡಿ ಕರುಬುವವರುಂಟು. ಇನ್ನೊಬ್ಬನ ಬೆನ್ನಿನ ಬಾಸುಂಡೆ ನೋಡಿ ಕರುಬಿದವನು ಆ ಸೀಮೆಯಲ್ಲಿ ಇವನೊಬ್ಬನೇ ಇರಬೇಕು. ನಗಬೇಡ ಚನ್ನವೀರ. ನೀನು ಈ ಬಿಸಿಲಿನಲ್ಲಿ ಇಷ್ಟು ದೂರ ನಡೆದು ಬಂದದ್ದು ಬೇರೆ ಯಾತಕ್ಕೆ?

ಕೊನೆಗೆ ವರ್ತಕನಿಗೆ ಹೊಳೆಯಿತು. ಗುಟ್ಟೆಲ್ಲ ಹಗ್ಗದಲ್ಲಿದೆ, ಬರಲಿನಲ್ಲಿದೆ. ಅವೇನು ತನಗೆ ಸಿಗದ ವಸ್ತುಗಳೇ? ಅಂಥದೇ ಹಗ್ಗ ತರಿಸಿದ. ತಾನೇ ಹೋಗಿ ಹುಣಿಸೆ ಬರಲು ಮುರಿದು, ಎಲೆ ಸವರಿ ಇಟ್ಟುಕೊಂಡ. ಅಮಾವಾಸ್ಯೆಯಂದು ಅಂಗಡಿಗೆ ಬಿಡುವು. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿಯನ್ನು ನಡುಮನೆಗೆ ಕರೆದು, ಹಗ್ಗ ತೋರಿಸಿ, ಬರಲು ತೋರಿಸಿ, ಹೀಗೆ ಹೀಗೆ ಮಾಡಬೇಕು ಎಂದ.

“ಅಯ್ಯೋ ರಾಮ! ಏನಾಗಿದೆ ನಿಮಗೆ? ಯಾರಾದರೂ ಮಾಟ ಮಾಡಿಸಿದರಾ? ನನ್ನ ಕೈಲಾಗಲ್ಲ ರೀ, ಬೇಡ,” ಎಂದಳು ಅವಳು.

“ನಿನ್ನನ್ನ ಕೇಳಿದವರ್ಯಾರು? ಹೇಳಿದಷ್ಟು ಮಾಡು,” ಎಂದ ವರ್ತಕ.

ಮಾಡಿದಳು. ಇಪ್ಪತ್ತೆರಡು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ. ಇನ್ನು ಅವನ ಸಂಭ್ರಮ ಕೇಳು. ಕಟ್ಟಿಸಿಕೊಳ್ಳುವವನು ಇವನು, ಅಪ್ಪಣೆ ಕೊಡುವವನೂ ಇವನೇ. ಆ ಗಂಟಲ್ಲ, ಈ ಗಂಟು. ಅಲ್ಲಿ ಬೇಡ, ಇಲ್ಲಿ. ಬಿಗಿ ಸಾಲದು. ಈಗ ಹೊಡೆ. ಅನ್ನ ಉಂಡಿಲ್ಲವೇನೇ, ಜೋರಾಗಿ ಹೊಡೆ. ಕೈಗಳನ್ನು ಕಂಬಕ್ಕೆ ಕಟ್ಟಿತ್ತು, ನಾಲಿಗೆ ಮಾತ್ರ ಅಂಗಡಿಯಲ್ಲೇ ಕೂತಿತ್ತು. ಅವಳು ನೊಣ ಓಡಿಸುವವಳ ಹಾಗೆ ಬರಲನ್ನು ಸವರಿದಳು. ಅವನು ಬೈದ. ಬೇಡ ರೀ ಎಂದಳು. ಇನ್ನೊಂದು ಎಂದ. ಸಾಕು ರೀ, ನನಗೆ ಅಳು ಬರುತ್ತಿದೆ ಎಂದಳು. ಅಳುವುದು ಆಮೇಲೆ, ಮೊದಲು ಹೊಡೆ ಎಂದ.

ಆಗ ಹೊಡೆದಳು ನೋಡು. ಅದು ಆ ಮಧ್ಯಾಹ್ನದ ಹೊಡೆತವಲ್ಲ, ಇಪ್ಪತ್ತೆರಡು ವರ್ಷದ್ದು. ವರ್ತಕ ಕಿಟಾರನೆ ಕಿರುಚಿದ. ಸುಖವೂ ಇಲ್ಲ, ಹಗುರವೂ ಇಲ್ಲ. ಬೆನ್ನು ಉರಿಯಿತು, ಸಿಟ್ಟು ನೆತ್ತಿಗೇರಿತು. ‘ಹೀಗೆ ಹೊಡೀತಾರೇನೇ, ಕತ್ತೆ!’ ಎಂದು ಗದರಿದ. ಅವಳು ತನ್ನ ಕೈಯನ್ನೇ ನೋಡಿಕೊಂಡಳು. ತನ್ನೊಳಗೆ ಅಷ್ಟು ಕೋಪವಿತ್ತೆಂದು ಅವಳಿಗೇ ತಿಳಿದಿರಲಿಲ್ಲ. ಬರಲನ್ನು ಮೆಲ್ಲಗೆ ನೆಲಕ್ಕಿಟ್ಟಳು. ಎರಡು ಸೀರೆ ಗಂಟು ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ಪಕ್ಕದ ಊರಿನ ಅಣ್ಣನ ಮನೆಗೆ ಮುಂಬಾಗಿಲಿನಿಂದಲೇ ಹೊರಟುಬಿಟ್ಟಳು. ‘ಬಿಚ್ಚಿಯಾದರೂ ಹೋಗೇ’ ಎಂದು ವರ್ತಕ ಹಿಂದಿನಿಂದ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಕೂಗು ಕೇಳಿ ಹಿತ್ತಲಿನಿಂದ ಬಾವಿ ತೋಡುವವನ ಹೆಂಡತಿ ಓಡಿ ಬಂದಳು. ಕಂಬ, ಹಗ್ಗ, ಬರಲು ಎಲ್ಲ ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ. ಗಂಟು ಬಿಚ್ಚಿದಳು. ವರ್ತಕನಿಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಮುಂದಾಯಿತು.

“ನೀನೂ ಕಟ್ಟುತ್ತೀಯ, ನನ್ನವಳೂ ಕಟ್ಟಿದಳು. ಅಂಥದೇ ಹಗ್ಗ, ಅಂಥದೇ ಬರಲು. ನಿನ್ನ ಗಂಡ ಸುಖವಾಗಿ ಮಲಗುತ್ತಾನೆ, ನನ್ನ ಹೆಂಡತಿ ಮನೆ ಬಿಟ್ಟು ಹೋದಳು. ನನಗೆ ಮಾತ್ರ ಯಾಕಮ್ಮ ಹೀಗೆ?”

“ಓಹೋ, ಚಾಪೆ ಸಂದೀಲಿ ಇಣುಕಿದ್ದು ನೀವು ಅನ್ನಿ,” ಎಂದಳು ಅವಳು. “ನೋಡಿದ್ದು ತಪ್ಪು ಸಾವ್ಕಾರ್ರೆ. ಅರ್ಧ ನೋಡಿದ್ದು ಇನ್ನೂ ದೊಡ್ಡ ತಪ್ಪು. ಬಾವಿ ಒಳಗಿಂದ ನಮ್ಮೋನು ಹಗ್ಗ ಜಗ್ಗಿದ ಅಂದ್ರೆ ನಾನು ನಿಲ್ಲಿಸಬೇಕು. ಮೇಲಿಂದ ನಾನು ಜಗ್ಗಿದೆ ಅಂದ್ರೆ ಅವನು ಹಾರೆ ಕೆಳಗಿಡಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ. ಗುಡಿಸಲಲ್ಲೂ ನಮ್ಮದು ಅದೇ ಕಟ್ಟಳೆ. ಎಷ್ಟೋ ಸಲ ಅವನು ಕೇಳ್ತಾನೆ, ಇವತ್ತು ನನಗೆ ಮನಸ್ಸಿಲ್ಲ ಅಂತೀನಿ. ಉಂಡು ಮಲಗ್ತೀವಿ. ಮೊದಮೊದಲು ನನಗೂ ಭಯವೇ. ಇದರಲ್ಲಿ ನಿನಗೇನಪ್ಪಾ ಸಿಗೋದು ಅಂತ ಕೇಳಿದ್ದೆ. ಏನಂದ ಗೊತ್ತಾ? ಕೆಳಗೆ ಮಣ್ಣು ಯಾವಾಗ ಕುಸಿಯುತ್ತೋ, ಕಲ್ಲು ಯಾವಾಗ ಬೀಳುತ್ತೋ ಯಾರಿಗೆ ಗೊತ್ತು. ಹುಟ್ಟಿದಾಗಿಂದ ಬಂದ ನೋವೆಲ್ಲ ಕೇಳದೇ ಬಂದದ್ದು, ಸಾಕು ಅಂದ್ರೂ ನಿಲ್ಲದೇ ಇದ್ದದ್ದು. ಇದೊಂದು ನೋವು ಕರೆದ್ರೆ ಬರುತ್ತೆ, ಸಾಕು ಅಂದ್ರೆ ನಿಲ್ಲುತ್ತೆ. ಅಷ್ಟು ಹೊತ್ತು ತಲೇಲಿ ಇನ್ನೊಂದು ಯೋಚನೆ ಇರಲ್ಲ, ನಾನು ನಿನ್ನ ಕೈಲಿದ್ದೀನಿ ಅನ್ನೋದೊಂದೇ ಇರುತ್ತೆ ಅಂದ. ಖಾರದ ರುಚಿ ಹತ್ತಿದೋರು ಕಣ್ಣಲ್ಲಿ ನೀರು ಸುರಿಸ್ಕೊಂಡೇ ಇನ್ನೊಂದು ಮೆಣಸಿನಕಾಯಿ ಕಚ್ಚಲ್ವಾ? ಅದನ್ನೇ ಬೇಡ ಅಂದೋರ ಬಾಯಿಗೆ ತುರುಕಿದ್ರೆ ಏನಾಗುತ್ತೆ? ಈಗ ನೀವೇ ಹೇಳಿ, ಅಮ್ಮಾವ್ರು ಎಷ್ಟು ಸಲ ಜಗ್ಗಿದ್ರು?”

ವರ್ತಕ ನೆನಪಿಸಿಕೊಂಡ. ಬೇಡ ಎಂದಿದ್ದಳು. ಮತ್ತೆ ಬೇಡ ಎಂದಿದ್ದಳು. ಸಾಕು ಎಂದಿದ್ದಳು. ಅದು ಆ ಮಧ್ಯಾಹ್ನದ ಮಾತು. ಅದಕ್ಕೂ ಹಿಂದಿನದು ನೆನೆಯಹೋದರೆ, ಮೈ ಸರಿಯಿಲ್ಲ ಎಂದದ್ದು, ಇಷ್ಟು ಬೇಗ ಮಗಳ ಮದುವೆ ಬೇಡ ಎಂದದ್ದು, ತಂಗಿಯನ್ನು ನೋಡಿ ಬರುತ್ತೇನೆ ಎಂದದ್ದು, ಒಂದೊಂದೇ ಎದ್ದು ಬಂದವು. ಅವನ ಹೊಟ್ಟೆಕಿಚ್ಚು ಆಗಲೂ ಆರಲಿಲ್ಲ. ಇನ್ನೂ ಹೆಚ್ಚಿತು ಎನ್ನು. ಆದರೆ ಈಗ ಅವನು ಕರುಬಿದ್ದು ಬಾಸುಂಡೆಯನ್ನಲ್ಲ. ಒಬ್ಬರು ಮನಸ್ಸಿಲ್ಲ ಎಂದರೆ ಇಬ್ಬರೂ ಉಂಡು ಮಲಗುತ್ತಾರಲ್ಲ, ಅದನ್ನು.

ಮರುದಿನ ಅಂಗಡಿ ತೆರೆಯದೆ ಅವನು ಭಾವನ ಊರಿಗೆ ನಡೆದ. ಹೆಂಡತಿ ಜಗಲಿಗೆ ಬಂದು ನಿಂತಳು. ‘ಹೊರಡು’ ಎನ್ನಲು ಬಾಯಿ ತೆರೆದವನು ಅದನ್ನು ನುಂಗಿಕೊಂಡು ‘ಬರ್ತೀಯಾ?’ ಎಂದ. ಮದುವೆಯಾದಂದಿನಿಂದ ಅವನು ಅವಳನ್ನು ಅವಳ ಮನಸ್ಸು ಕೇಳಿದ್ದು ಅದೇ ಮೊದಲು. ಅವಳು ಅವನ ಮುಖ ನೋಡಿ ‘ಇಲ್ಲ’ ಎಂದಳು.

ಗದರಬಹುದಿತ್ತು. ಭಾವನನ್ನು ಮುಂದೆ ಮಾಡಬಹುದಿತ್ತು. ಊರವರು ಏನೆಂದುಕೊಳ್ಳುತ್ತಾರೆ ಎನ್ನಬಹುದಿತ್ತು. ಅವೆಲ್ಲ ನಾಲಿಗೆಯ ತುದಿಗೆ ಬಂದವು. ಹುಣಿಸೆ ಬರಲಿನ ಏಟಿಗೆ ಊರು ಕೇಳುವ ಹಾಗೆ ಕಿರುಚಿದವನು ಈ ಏಟಿಗೆ ಕಿರುಚಲಿಲ್ಲ. ‘ಆಗಲಿ’ ಎಂದು ತಿರುಗಿ, ಬಂದ ದಾರಿಯಲ್ಲೇ ನಡೆದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಜಗಲಿಯ ಮೇಲೇ ನಿಂತಿದ್ದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಚನ್ನವೀರ ಮುಂದೆ ಸರಿದು ಕುಳಿತ. ಅವನ ಕಣ್ಣಲ್ಲಿ ಆಸೆ ಇನ್ನೂ ಉರಿಯುತ್ತಿತ್ತು.

“ತಿಳಿಯಿತು ಗುರುಗಳೇ, ಒಪ್ಪಿಗೆ ಮುಖ್ಯ. ಹಾಗಾದರೆ ನನ್ನ ಹೆಂಡತಿಯನ್ನು ಒಪ್ಪಿಸುವುದು ಹೇಗೆ, ಅದೊಂದನ್ನು ಹೇಳಿಬಿಡಿ,” ಎಂದ.

“ಒಪ್ಪಿಸಬೇಡ, ಅವಳನ್ನು ಕೇಳು. ಅವಳು ಇಲ್ಲ ಎಂದರೆ, ಆ ನೋವು ತಿಂದು ಸುಮ್ಮನಿರಲು ನಿನ್ನಿಂದಾದೀತೇ?” ಎಂದರು ಗುರುಗಳು.