ಯಾವ ನೀರಿನ ಕಡಗ

ಬಲು ಹಿಂದೆ, ಯಾವ ರಾಜನ ಕಾಲ ಎಂದು ಮಾತ್ರ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ, ಹೊಳೆಯ ದಂಡೆಗೆ ಒಂದು ಊರಿತ್ತಂತೆ. ಸೇತುವೆ ಇಲ್ಲದ ಕಾಲ. ಸಂತೆಗೆ ಹೋಗುವವರು, ಬಸುರಿಯರು, ಹೆಣದ ಮುಖ ನೋಡಲು ಹೋಗುವವರು, ಎಲ್ಲರೂ ಹರಿಗೋಲು ಹತ್ತಿ ಅಂಬಿಗನ ಕೈ ನಂಬಬೇಕು. ಯಾರ ಕೈ ಗಟ್ಟಿ ಎಂದು ಗೊತ್ತಾಗುವುದು ಹೇಗೆ? ಅದಕ್ಕೇ ಕಡಗ ಇತ್ತು.

ತಾಮ್ರದ ಕಡಗ. ಕೊಂಡು ಹಾಕಿಕೊಳ್ಳುವಂತಿರಲಿಲ್ಲ. ಶ್ರಾವಣದಲ್ಲಿ ಹೊಳೆ ಕೆಂಪಾಗಿ ಬಂದಾಗ ಹರಿಗೋಲಿಗೆ ಆಳಿನ ತೂಕದ ಕಲ್ಲು ಹೇರಿ, ನಡುಹೊಳೆಯ ಕೋಣನ ಸುಳಿ ಎಂಬ ಸುಳಿಯ ಪಕ್ಕದಿಂದಲೇ ಆಚೆ ದಡ ಮುಟ್ಟಿ ಬರಬೇಕು. ಬಂದವನಿಗೆ ಹೊಳೆವ್ವನ ಗುಡಿಯ ಮುಂದೆ ಅಂಬಿಗರ ಹಿರಿಯ ಕಡಗ ತೊಡಿಸುತ್ತಿದ್ದನಂತೆ. ಬಾರದವನ ಮನೆಗೆ ಊರಿಗೆ ಊರೇ ಹೋಗುತ್ತಿತ್ತಂತೆ.

ಆ ಊರಲ್ಲಿ ಭರಮಪ್ಪ ಎಂಬ ಅಂಬಿಗ. ಅವನ ತಾಯಿ ಹುಲಿಗೆವ್ವ, ಗಂಡನನ್ನು ಅದೇ ಸುಳಿಗೆ ಕೊಟ್ಟವಳು. ಮಗನ ಸರದಿ ಬಂದಾಗ ಹಿರಿಯನ ಕಾಲು ಹಿಡಿದಳಂತೆ. ನೀರು ಇಳೀಲಿ, ಆಮ್ಯಾಲೆ ಹೋಗಲಿ ಎಂದು ಅತ್ತಳಂತೆ. ಹಿರಿಯನಿಗೂ ಕರುಳಿತ್ತು. ಎಮ್ಮೆಗಳು ನಡೆದು ದಾಟುವ ಬೇಸಿಗೆಯ ನೀರಿನಲ್ಲಿ ಭರಮಪ್ಪ ಹೋಗಿಬಂದ, ಕಡಗ ತೊಟ್ಟ. ಅದೇ ತಾಮ್ರ, ಅದೇ ಹೊಳಪು. ಹಿರಿಯ ತಪ್ಪು ಮಾಡಿದ ಅನ್ನುವುದು ನಮಗೆ ಸುಲಭ. ಆ ತಾಯಿಯ ಮುಂದೆ ನಿಂತು ಹೇಳಿನೋಡಿ.

ಮುಂದಿನ ಮಳೆಗಾಲ ಹೊಳೆ ಏರಿತು. ಆಚೆ ಊರಿಗೆ, ಬಸುರಿಯೊಬ್ಬಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊರಟ ಹೆಂಗಸರು ದಡಕ್ಕೆ ಬಂದರು. ಹಳೆಯ ಅಂಬಿಗರು ಯಾರೂ ಆ ಹೊತ್ತಿಗೆ ದಡದಲ್ಲಿರಲಿಲ್ಲ. ಇವತ್ತು ಬೇಡ ಎನ್ನಲು ಭರಮಪ್ಪ ಬಾಯಿ ತೆರೆದನಂತೆ. ಅಷ್ಟರಲ್ಲಿ ಒಬ್ಬ ಮುದುಕಿ ಅವನ ಮುಂಗೈ ನೋಡಿ, ಕಡಗ ಐತಿ, ಹತ್ರಿ ಎಂದಳಂತೆ. ಅವನು ಹುಟ್ಟು ಕೈಗೆತ್ತಿಕೊಂಡ. ಕಡಗ ತೊಟ್ಟವನು ನನ್ನಿಂದ ಆಗುವುದಿಲ್ಲ ಅನ್ನುವುದು ಹೇಗೆ? ಸುಳಿ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸಿತು. ಹಸಿರು ಬಳೆಯ ಕೈಗಳು ಸ್ವಲ್ಪ ಹೊತ್ತು ನೀರಿನ ಮೇಲೆ ಕಂಡವಂತೆ. ಈಜಿ ದಡಕ್ಕೆ ಬಂದವನು ಅವನೊಬ್ಬನೇ.

ಊರು ಅವನನ್ನು ಬೈಯಲಿಲ್ಲ. ಹೊಳೆವ್ವ ಮುನಿದಿದ್ದಳು, ನೀನೇನು ಮಾಡುತ್ತಿ ಎಂದಿತು. ಆ ಸಮಾಧಾನವೇ ಅವನನ್ನು ಸುಟ್ಟಿತು. ಕಡಗ ಕಳಚಿ ಗುಡಿಯಲ್ಲಿಟ್ಟ. ಆಮೇಲೆ ಪ್ರತಿ ಮಳೆಗಾಲವೂ ಒಬ್ಬನೇ ಕೆಂಪು ನೀರಿಗೆ ಇಳಿದನಂತೆ, ಬಿದ್ದನಂತೆ, ಮತ್ತೆ ಇಳಿದನಂತೆ. ಕೊನೆಗೊಂದು ಶ್ರಾವಣ, ಯಾರೂ ಕೇಳದಿದ್ದರೂ, ಕಲ್ಲು ಹೇರಿ ಹೊರಟ. ಹುಲಿಗೆವ್ವ ದಡದಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಹೋದ, ಬಂದ. ಅದೇ ಕಡಗವನ್ನು ಎರಡನೆಯ ಸಲ ತೊಟ್ಟ.

ಕಾಲ ಉರುಳಿ ಭರಮಪ್ಪನೇ ಅಂಬಿಗರ ಹಿರಿಯನಾದ. ಅವನ ಒಬ್ಬನೇ ಮಗ ಕೆಂಚನ ಸರದಿ ಬಂತು. ಹೆಂಡತಿ ದ್ಯಾಮವ್ವ ಗಂಡನ ಕಾಲು ಹಿಡಿದಳು. ನೀರು ಇಳೀಲಿ, ಆಮ್ಯಾಲೆ ಹೋಗಲಿ ಎಂದಳು. ತಾಯಿಯ ಮಾತೇ ಹೆಂಡತಿಯ ಬಾಯಲ್ಲಿ ಬಂತು ನೋಡಿ. ಅವನಿಗೂ ಕರುಳಿತ್ತು. ಮಗನನ್ನು ಕರೆದ.

"ಬ್ಯಾಸಗಿ ಕಡಗ ಬೇಕಂದ್ರ ಕೊಡ್ತೀನಿ. ಆದ್ರ ಕೇಳಿದವರಿಗೆ ಬ್ಯಾಸಗೀದು ಅಂತ ಹೇಳಬೇಕು."

"ನಿಂದು ಯಾವ್ದಪ್ಪಾ?"

"ಎರಡೂ ಹೌದು," ಎಂದ ಭರಮಪ್ಪ. ಆ ಹೆಂಗಸರ ಕಥೆಯನ್ನು ಮೊದಲ ಸಲ ಮಗನಿಗೆ ಹೇಳಿದ. ಕೆಂಚ ಎಲ್ಲ ಕೇಳಿ ಎದ್ದುಹೋಗಿ ಹರಿಗೋಲಿಗೆ ಕಲ್ಲು ಹೇರಿದನಂತೆ.

ಹರಿಗೋಲು ಮಾತ್ರ ಸಿಕ್ಕಿತು, ದೂರದಲ್ಲಿ, ಬೋರಲಾಗಿ. ದ್ಯಾಮವ್ವ ಸಾಯುವವರೆಗೂ ಗಂಡನೊಂದಿಗೆ ಮಾತಾಡಲಿಲ್ಲ. ಅವಳದು ತಪ್ಪೆಂದು ನಾನು ಹೇಳಲಾರೆ.

ಸೂತಕ ಕಳೆದ ದಿನ, ಹೊಳೆ ಇನ್ನೂ ಏರಿಯೇ ಇತ್ತು, ಹೆಣ್ಣುಮಕ್ಕಳು ದಡಕ್ಕೆ ಬಂದರು. ಅವನ ಕಡಗ ನೋಡಿ ಹರಿಗೋಲು ಹತ್ತಹೋದರು. ಭರಮಪ್ಪ ಅಡ್ಡ ನಿಂತು ಮುಂಗೈ ಚಾಚಿದನಂತೆ.

"ಮೊದಲು ಕೇಳ್ರೆವ್ವಾ, ಯಾವ ನೀರಿಂದು ಅಂತ."

ಅವರು ಹೆದರಿ ಕೇಳಿದರು. ಶ್ರಾವಣದ್ದು ಎಂದ. ಸುಳಿಯ ಪಕ್ಕದಲ್ಲೇ, ಮಗ ಹೋದಲ್ಲೇ, ಅವರನ್ನು ದಾಟಿಸಿದ. ಅಲ್ಲಿಂದಾಚೆಗೆ ಆ ಹೊಳೆಯಲ್ಲಿ ಕಡಗಕ್ಕಾಗಿ ಕಲ್ಲು ಹೇರಿ ಹೋದ ಅಂಬಿಗರು ಮುಳುಗಿದ್ದಾರಂತೆ, ಹರಿಗೋಲು ಹತ್ತಿದವರು ಮುಳುಗಿಲ್ಲವಂತೆ.

ಕೆಂಚನಿಗಾಗಿ ಮಾಡಿಸಿದ್ದ ಕಡಗ ಇಂದಿಗೂ ಗುಡಿಯಲ್ಲಿ ಹಸಿರುಗಟ್ಟಿ ಕೂತಿದೆ. ಈಗ ಸೇತುವೆ ಬಂದಿದೆ, ಆದರೆ ಆ ಸೀಮೆಯವರು ಪ್ರಶ್ನೆ ಬಿಟ್ಟಿಲ್ಲ. ಹೊಸ ಡಾಕ್ಟರು ಬೋರ್ಡು ತೂಗುಹಾಕಿದರೂ ಯಾವ ನೀರಿಂದು ಎಂದು ಕೇಳುತ್ತಾರೆ. ಸೇತುವೆ ಮುಳುಗಿ ಹರಿಗೋಲು ಇಳಿದ ದಿನವಂತೂ ಕೇಳದೆ ಯಾರೂ ಕಾಲಿಡುವುದಿಲ್ಲ. ಒಮ್ಮೊಮ್ಮೆ ಎಳೆಯ ಅಂಬಿಗನೊಬ್ಬ ತಲೆ ತಗ್ಗಿಸಿ, ಬ್ಯಾಸಗೀದು ಅನ್ನುತ್ತಾನೆ. ಅವನನ್ನು ಕಂಡು ಯಾರೂ ನಗುವುದಿಲ್ಲ. ಬುತ್ತಿ ಬಿಚ್ಚಿ ಅವನಿಗೂ ಒಂದು ರೊಟ್ಟಿ ಕೊಟ್ಟು, ಎಲ್ಲರೂ ದಡದಲ್ಲಿ ಕೂತು ನೀರು ಇಳಿಯುವುದನ್ನು ಕಾಯುತ್ತಾರೆ.